‘ಕಾಣಿಸುತ್ತಿಲ್ಲ’ ಎನ್ನುವ ಮಗುವನ್ನು ಮೊದಲು ನಂಬಿ: ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕರ್ನಾಟಕದ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಗೂ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಗೂ ಒಂದೇ ಪತ್ರವನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಹೇಳಹೊರಟಿರುವ ಮಕ್ಕಳು ಈ ಎರಡು ಇಲಾಖೆಗಳ ನಡುವೆ ಯಾರ ಕಣ್ಣಿಗೂ ಬೀಳದೆ ಉಳಿದುಹೋಗುತ್ತಿದ್ದಾರೆ. ಅವರು ತರಗತಿಯಲ್ಲಿ ‘ಬೋರ್ಡ್ ಕಾಣಿಸುತ್ತಿಲ್ಲ’ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಕಾರ್ನಿಯಾ, ಮಸೂರ, ರೆಟಿನಾ, ದೃಷ್ಟಿನರ ಎಲ್ಲವೂ ಆರೋಗ್ಯವಾಗಿರುತ್ತವೆ. ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆದದ್ದನ್ನು ನೋಡಿದ ಶಾಲೆ, ಹಾಗಾದರೆ ಇದು ಓದು ತಪ್ಪಿಸಿಕೊಳ್ಳುವ ನಾಟಕ ಎಂದು ತೀರ್ಮಾನಿಸುತ್ತದೆ. ಆಸ್ಪತ್ರೆ ತನ್ನ ಕೆಲಸ ಮುಗಿಯಿತೆಂದು ಮುಂದಿನ ರೋಗಿಯನ್ನು ಕರೆಯುತ್ತದೆ. ಮಗುವಿಗೆ ಮಾತ್ರ ಬೋರ್ಡ್ ಮೊದಲಿನಂತೆಯೇ ಮಂಜಾಗಿರುತ್ತದೆ.

ಸರ್ಕಾರಿ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಮಕ್ಕಳನ್ನು ನೋಡುವ ವೈದ್ಯೆಯಾಗಿ ನಾನು ಹೇಳಬೇಕೆಂದಿರುವುದು ಇಷ್ಟು. ಮನಸ್ಸಿನ ಮೇಲೆ ಬಿದ್ದ ಒತ್ತಡದಿಂದ ಮಗುವಿನ ದೃಷ್ಟಿ ನಿಜವಾಗಿಯೂ ಕುಗ್ಗಬಹುದು. ಹಾಗೆ ಕುಗ್ಗಿದ ದೃಷ್ಟಿ ಬಹುತೇಕ ಮಕ್ಕಳಲ್ಲಿ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಮರಳುತ್ತದೆ. ಆದರೆ ಅದು ಮರಳುವ ದಾರಿ ಶುರುವಾಗುವುದು ದೊಡ್ಡವರು ಮಗುವಿನ ಮಾತನ್ನು ನಂಬಿದಲ್ಲಿಂದ. ನಮ್ಮ ಶಾಲಾ ನೇತ್ರ ತಪಾಸಣೆಯಲ್ಲಿ ಈ ನಂಬಿಕೆಗೆ ಒಂದು ಕಾಲಂ ಕೂಡ ಇಲ್ಲ. ಆ ಕಾಲಂ ಬೇಕು ಮತ್ತು ಅದರ ಹಿಂದೆ ಒಂದು ವ್ಯವಸ್ಥೆ ಬೇಕು ಎಂಬುದೇ ನನ್ನ ಬೇಡಿಕೆ.

ಶಾಲಾ ತಪಾಸಣೆಯ ಬಗ್ಗೆ ನನಗೆ ಗೌರವವಿದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಿಕ್ಷಕರಿಗೆ ತರಬೇತಿ ಕೊಟ್ಟು, ಮಕ್ಕಳ ದೃಷ್ಟಿ ಪರೀಕ್ಷಿಸಿ, ಬಡ ಮಕ್ಕಳಿಗೆ ಉಚಿತವಾಗಿ ಕನ್ನಡಕ ಕೊಡುವ ಕೆಲಸ ನಡೆದುಕೊಂಡು ಬಂದಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ವರ್ಷಕ್ಕೊಮ್ಮೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗಿ, ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ಹಳ್ಳಿಯ ಶಾಲೆಯ ವರಾಂಡದಲ್ಲಿ ಆರು ಮೀಟರ್ ಅಳೆದು, ಗೋಡೆಗೆ ಚಾರ್ಟ್ ತೂಗುಹಾಕಿ, ಒಂದೇ ಬೆಳಿಗ್ಗೆ ನೂರಾರು ಮಕ್ಕಳನ್ನು ನೋಡುವ ನೇತ್ರಾಧಿಕಾರಿಗಳ ಶ್ರಮದಿಂದಲೇ ಎಷ್ಟೋ ಮಕ್ಕಳ ಕಣ್ಣಿಗೆ ಸಕಾಲದಲ್ಲಿ ಕನ್ನಡಕ ಬಂದಿದೆ. ಆದರೆ ಈ ಇಡೀ ವ್ಯವಸ್ಥೆಯನ್ನು ಕಟ್ಟಿದ್ದು ಕನ್ನಡಕದಿಂದ ಸರಿಹೋಗುವ ದೋಷವನ್ನು ಹಿಡಿಯುವುದಕ್ಕಾಗಿ. ಅಲ್ಲಿ ಮಗುವಿನ ಮುಂದೆ ಇರುವ ದಾರಿಗಳು ಮೂರೇ: ಕಣ್ಣು ಸರಿಯಿದೆ, ಕನ್ನಡಕ ಬೇಕು, ಅಥವಾ ಕಣ್ಣಿನಲ್ಲಿ ಕಾಯಿಲೆಯಿದೆ, ಮೇಲಿನ ಆಸ್ಪತ್ರೆಗೆ ಕಳುಹಿಸಿ. ಕಣ್ಣಿನ ರಚನೆ ಸರಿಯಿದ್ದೂ ಕಾಣಿಸದ ಮಗು ಈ ಮೂರರಲ್ಲಿ ಯಾವುದಕ್ಕೂ ಸೇರದೆ, ಬಹಳ ಸಲ ಮೊದಲನೆಯದಕ್ಕೋ ಎರಡನೆಯದಕ್ಕೋ ಸೇರಿಹೋಗುತ್ತದೆ. ಎರಡೂ ಕಡೆ ಅದಕ್ಕೆ ನಷ್ಟವೇ.

ಒತ್ತಡದಿಂದ ದೃಷ್ಟಿ ಕೆಡುವುದೆಂದರೆ ಒಂದೇ ಬಗೆಯದಲ್ಲ. ಮುಖ್ಯವಾಗಿ ಎರಡನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಮೊದಲನೆಯದು ಕಣ್ಣಿನೊಳಗಿನ ಸ್ನಾಯುವಿನದು. ನಾವು ಹತ್ತಿರದ ಅಕ್ಷರ ನೋಡುವಾಗ ಮಸೂರದ ಸುತ್ತಲಿನ ಸಿಲಿಯರಿ ಸ್ನಾಯು ಬಿಗಿಯುತ್ತದೆ, ಮಸೂರ ಉಬ್ಬುತ್ತದೆ. ದೂರ ನೋಡುವಾಗ ಸ್ನಾಯು ಸಡಿಲವಾಗಿ ಮಸೂರ ಚಪ್ಪಟೆಯಾಗುತ್ತದೆ. ಮಕ್ಕಳಲ್ಲಿ ಈ ಸ್ನಾಯುವಿಗೆ ಶಕ್ತಿ ಬಹಳ. ಗಂಟೆಗಟ್ಟಲೆ ಪುಸ್ತಕವನ್ನೋ ಮೊಬೈಲನ್ನೋ ಹತ್ತಿರ ಹಿಡಿದು ನೋಡುವ ಮಗುವಿನಲ್ಲಿ, ಅದರ ಜೊತೆಗೆ ಆತಂಕವೂ ನಿದ್ರೆಯ ಕೊರತೆಯೂ ಸೇರಿದಾಗ, ಈ ಸ್ನಾಯು ಬಿಗಿದ ಮುಷ್ಟಿ ಬಿಚ್ಚಲು ಮರೆತಂತೆ ಬಿಗಿದೇ ಉಳಿಯಬಹುದು. ಆಗ ದೂರದ ಬೋರ್ಡ್ ಮಂಜಾಗುತ್ತದೆ, ಹಣೆ ನೋಯುತ್ತದೆ, ಕೆಲವೊಮ್ಮೆ ಎರಡೆರಡಾಗಿ ಕಾಣುತ್ತದೆ. ಯಂತ್ರದಲ್ಲಿ ನೋಡಿದರೆ ಮೈನಸ್ ಪವರ್ ತೋರಿಸುತ್ತದೆ. ಇದು ಹುಸಿ ಸಮೀಪದೃಷ್ಟಿ. ಸೈಕ್ಲೊಪೆಂಟೊಲೇಟ್ ಅಥವಾ ಹೋಮಾಟ್ರೊಪಿನ್ ಹನಿ ಹಾಕಿ ಸ್ನಾಯುವನ್ನು ಸಡಿಲಗೊಳಿಸಿ ಮತ್ತೆ ಅಳೆದರೆ ಆ ಮೈನಸ್ ಪವರ್ ಕರಗಿಹೋಗುತ್ತದೆ, ಇಲ್ಲವೇ ಬಹಳಷ್ಟು ಇಳಿಯುತ್ತದೆ. ಹನಿ ಹಾಕದೆ, ಯಂತ್ರ ತೋರಿಸಿದ ಅಂಕಿಯನ್ನೇ ನಂಬಿ ಮೈನಸ್ ಕನ್ನಡಕ ಬರೆದರೆ, ಈಗಾಗಲೇ ಬಿಗಿದಿರುವ ಸ್ನಾಯು ಆ ಗಾಜಿಗೆ ಹೊಂದಿಕೊಳ್ಳಲು ಇನ್ನಷ್ಟು ಬಿಗಿಯಬೇಕಾಗುತ್ತದೆ. ಒಂದಿಷ್ಟು ತಿಂಗಳಾದ ಮೇಲೆ ಪವರ್ ಹೆಚ್ಚಾಗಿದೆ ಎಂದು ಮತ್ತೊಂದು ಕನ್ನಡಕ ಬರುತ್ತದೆ. ಊರೂರಿನಲ್ಲಿ ನಡೆಯುವ ಉಚಿತ ಶಿಬಿರಗಳಲ್ಲಿ ಮತ್ತು ಕನ್ನಡಕದ ಅಂಗಡಿಗಳಲ್ಲಿ ಹನಿ ಹಾಕಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯುವ ವ್ಯವಧಾನ ಅಪರೂಪ. ಆದ್ದರಿಂದಲೇ ಈ ಸರಪಳಿ ಅಷ್ಟು ಸುಲಭವಾಗಿ ಬೆಳೆಯುತ್ತದೆ.

ಎರಡನೆಯದು ಇನ್ನೂ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾದದ್ದು. ಇಲ್ಲಿ ಕಣ್ಣು ಸರಿಯಿದೆ, ದೃಷ್ಟಿನರ ಸರಿಯಿದೆ, ಮೆದುಳಿನ ಸ್ಕ್ಯಾನ್ ತೆಗೆದರೂ ಸರಿಯಿರುತ್ತದೆ. ಆದರೂ ಮಗುವಿಗೆ ಚಾರ್ಟ್‌ನ ಮೇಲಿನ ಒಂದೆರಡು ಸಾಲಿನಾಚೆ ಓದಲಾಗುವುದಿಲ್ಲ. ವೈದ್ಯಶಾಸ್ತ್ರ ಇದನ್ನು ಕ್ರಿಯಾತ್ಮಕ ದೃಷ್ಟಿನಷ್ಟ ಎನ್ನುತ್ತದೆ. ಹಿಂದೆ ಹಿಸ್ಟೀರಿಯಾ ಎಂಬ ಅವಮಾನಕರ ಹೆಸರಿನಡಿ ಸೇರಿಸುತ್ತಿದ್ದರು. ಹೆಚ್ಚಾಗಿ ಏಳರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ, ಹುಡುಗರಿಗಿಂತ ಹುಡುಗಿಯರಲ್ಲಿ, ಬಹುತೇಕ ಎರಡೂ ಕಣ್ಣುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಲವರಲ್ಲಿ ದೃಷ್ಟಿಯ ವಿಸ್ತಾರವೂ ಕುಗ್ಗಿ, ಕೊಳವೆಯೊಳಗಿಂದ ನೋಡಿದಂತೆ ನಡುವಿನದಷ್ಟೇ ಕಾಣುತ್ತದೆ. ಮಗು ಬೇಕೆಂದೇ ಮಾಡುವುದಲ್ಲ ಇದು. ಮಾತಿನಲ್ಲಿ ಹೇಳಲಾಗದ ಸಂಕಟವನ್ನು ದೇಹ ತನ್ನದೇ ರೀತಿಯಲ್ಲಿ ಹೊರಹಾಕುತ್ತದೆ: ಕೆಲವು ಮಕ್ಕಳಿಗೆ ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ, ಕೆಲವರಿಗೆ ಕಾಲು ಎತ್ತಿಡಲಾಗುವುದಿಲ್ಲ, ಕೆಲವರಿಗೆ ಕಾಣಿಸುವುದಿಲ್ಲ. ಹೊಟ್ಟೆನೋವನ್ನು ನಾವು ಹೇಗೋ ಅರ್ಥಮಾಡಿಕೊಳ್ಳುತ್ತೇವೆ. ಕಾಣಿಸದಿರುವುದನ್ನು ಮಾತ್ರ ಸುಳ್ಳು ಎನ್ನುತ್ತೇವೆ.

ಹಾಗಾದರೆ ಕಣ್ಣು ಸರಿಯಿದೆ ಎಂದು ಗೊತ್ತಾಗುವುದು ಹೇಗೆ ಎಂದು ಪಾಲಕರು ಕೇಳುವುದು ನ್ಯಾಯವೇ. ನಾವು ಹೆಚ್ಚು ಖರ್ಚಿಲ್ಲದ ಕೆಲವು ವಿಧಾನಗಳನ್ನು ಬಳಸುತ್ತೇವೆ. ಮೇಲಿನ ದೊಡ್ಡ ಅಕ್ಷರದಿಂದ ಶುರುಮಾಡುವ ಬದಲು ಎಲ್ಲಕ್ಕಿಂತ ಚಿಕ್ಕ ಸಾಲಿನಿಂದ ಶುರುಮಾಡಿ, ಪ್ರತಿ ಸಾಲಿಗೂ ‘ಈಗ ಅಕ್ಷರ ಇನ್ನೂ ದೊಡ್ಡದಾಯಿತು ನೋಡು’ ಎಂದು ಧೈರ್ಯ ಹೇಳುತ್ತಾ ಮೇಲೆ ಬಂದಾಗ, 6/60, ಅಂದರೆ ಚಾರ್ಟ್‌ನ ಅತಿ ದೊಡ್ಡ ಅಕ್ಷರ ಮಾತ್ರ ಓದುತ್ತಿದ್ದ ಮಗು 6/12ರ ಚಿಕ್ಕ ಸಾಲನ್ನೂ ಓದಿಬಿಡುವುದುಂಟು. ಒಂದು ಪ್ಲಸ್ ಗಾಜು, ಅದನ್ನು ರದ್ದುಮಾಡುವ ಅಷ್ಟೇ ಪವರಿನ ಒಂದು ಮೈನಸ್ ಗಾಜು ಇಟ್ಟು ಒಟ್ಟು ಪವರ್ ಸೊನ್ನೆಯಾದಾಗಲೂ ಕೆಲವು ಮಕ್ಕಳು ಸಲೀಸಾಗಿ ಓದುತ್ತಾರೆ. ಎರಡೂ ಕಣ್ಣುಗಳು ಸೇರಿ ಆಳವನ್ನು ಗ್ರಹಿಸುವ ಶಕ್ತಿಯನ್ನು ಅಳೆಯುವ ಚಿತ್ರಗಳಿವೆ. ಎರಡರಲ್ಲೂ ಒಳ್ಳೆಯ ದೃಷ್ಟಿಯಿಲ್ಲದೆ ಅವುಗಳ ಅತಿಸೂಕ್ಷ್ಮ ಹಂತವನ್ನು ಯಾರೂ ಗುರುತಿಸಲಾರರು. ಒಂದು ಮೀಟರ್ ದೂರದಲ್ಲಿ ಅಳೆದ ದೃಷ್ಟಿಯ ವಿಸ್ತಾರ ಎರಡು ಮೀಟರ್ ದೂರದಲ್ಲಿ ಎರಡರಷ್ಟಾಗಬೇಕು. ಅದು ಅಷ್ಟೇ ಉಳಿದರೆ ಕುಗ್ಗಿರುವುದು ರೆಟಿನಾದ ಕಾರಣದಿಂದಲ್ಲ ಎಂದು ತಿಳಿಯುತ್ತದೆ. ಈ ಪರೀಕ್ಷೆಗಳ ಉದ್ದೇಶ ಮಗುವನ್ನು ಸಿಕ್ಕಿಸಿಹಾಕುವುದಲ್ಲ. ಮಗುವಿನ ಕಣ್ಣಿಗೆ ಎಷ್ಟು ಸಾಮರ್ಥ್ಯವಿದೆ ಎಂದು ಕಂಡುಕೊಳ್ಳುವುದು. ಇದನ್ನು ಒತ್ತಿ ಹೇಳುತ್ತಿರುವುದೇಕೆಂದರೆ, ಪರೀಕ್ಷೆ ಮುಗಿದ ತಕ್ಷಣ ಮಗುವಿನ ಎದುರೇ ‘ಎಲ್ಲ ಕಾಣ್ತದೆ ಇವಳಿಗೆ, ಸುಮ್ಮನೆ ಹೇಳ್ತಾಳೆ’ ಎಂದು ತಾಯಿಗೆ ಹೇಳುವ ವೈದ್ಯರೂ ಇದ್ದಾರೆ. ಆ ಒಂದು ಮಾತಿನಿಂದ ಮಗುವಿಗೆ ವಾಪಸು ಬರುವ ದಾರಿ ಮುಚ್ಚಿಹೋಗುತ್ತದೆ, ಏಕೆಂದರೆ ಇನ್ನು ಮುಂದೆ ಅದರ ದೃಷ್ಟಿ ಸುಧಾರಿಸಿದರೆ ಅದು ಸುಳ್ಳು ಹೇಳಿತ್ತೆಂದು ಒಪ್ಪಿಕೊಂಡಂತಾಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳದಿದ್ದರೆ ಈ ಪತ್ರ ಅಪಾಯಕಾರಿಯಾದೀತು. ಒತ್ತಡ ಎಂಬುದು ಎಲ್ಲವನ್ನೂ ಗುಡಿಸಿ ಹಾಕುವ ಮೂಲೆಯಾಗಬಾರದು. ಕೆಲವು ನಿಜವಾದ ಕಾಯಿಲೆಗಳು ಆರಂಭದಲ್ಲಿ ಹೀಗೆಯೇ ಕಾಣುತ್ತವೆ. ಸ್ಟಾರ್ಗಾರ್ಟ್ ಎಂಬ ಅನುವಂಶೀಯ ರೆಟಿನಾ ಕಾಯಿಲೆಯಲ್ಲಿ ಮೊದಮೊದಲು ರೆಟಿನಾ ನೋಡಲು ಸಹಜವಾಗಿಯೇ ಇರಬಹುದು. ಕಾರ್ನಿಯಾ ಶಂಕುವಿನಂತೆ ಚೂಪಾಗುವ ಕೆರಟೋಕೋನಸ್ ಟಾರ್ಚ್ ಬೆಳಕಿಗೆ ಸಿಗುವುದಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಬಳಿ ಬೆಳೆಯುವ ಗಡ್ಡೆ ದೃಷ್ಟಿಯ ಅಂಚುಗಳನ್ನು ಸದ್ದಿಲ್ಲದೆ ಕತ್ತರಿಸುತ್ತಾ ಬರುತ್ತದೆ. ನಮ್ಮ ದೇಶದ ಮಟ್ಟಿಗೆ ನಾನು ಹೆಚ್ಚು ಹೆದರುವುದು ಎಸ್‌ಎಸ್‌ಪಿಇ ಎಂಬ ಮೆದುಳಿನ ಕಾಯಿಲೆಗೆ. ಎಳವೆಯಲ್ಲಿ ದಡಾರ ಬಂದುಹೋದ ಮಗುವಿನಲ್ಲಿ ಎಷ್ಟೋ ವರ್ಷಗಳ ನಂತರ ಅದೇ ವೈರಾಣುವಿನಿಂದ ಇದು ತಲೆಯೆತ್ತುತ್ತದೆ. ಅಂಕಗಳು ಇಳಿಯುವುದು, ಸ್ವಭಾವ ಬದಲಾಗುವುದು, ಕೆಲವರಲ್ಲಿ ಎಲ್ಲಕ್ಕಿಂತ ಮೊದಲು ದೃಷ್ಟಿ ಹೋಗುವುದು ಇದರ ಲಕ್ಷಣಗಳು. ಅಂಥ ಮಗುವನ್ನು ‘ಓದಿನ ಟೆನ್ಷನ್’ ಎಂದು ಮನೆಗೆ ಕಳುಹಿಸಿದರೆ ಅದು ಕ್ಷಮಿಸಲಾಗದ ತಪ್ಪು. ದಡಾರ ಲಸಿಕೆಯ ಎರಡೂ ಡೋಸ್ ತಪ್ಪದೆ ಕೊಡಿಸುವುದು ಮಕ್ಕಳ ಕಣ್ಣಿನ ಆರೈಕೆಯೂ ಹೌದು ಎಂಬುದನ್ನು ಆರೋಗ್ಯ ಇಲಾಖೆ ಗಟ್ಟಿಯಾಗಿ ಹೇಳಬೇಕು. ಪಾಪೆಯ ಪ್ರತಿಕ್ರಿಯೆ, ಬಣ್ಣದ ಗ್ರಹಿಕೆ, ಹನಿ ಹಾಕಿ ರೆಟಿನಾ ಪರೀಕ್ಷೆ ಇವೆಲ್ಲ ಮುಗಿದ ಮೇಲೆಯೇ ಒತ್ತಡದ ಮಾತು ಬರಬೇಕು. ಬಂದ ಮೇಲೂ ನಾಲ್ಕಾರು ವಾರಗಳಲ್ಲಿ ಮಗುವನ್ನು ಮತ್ತೆ ನೋಡಲೇಬೇಕು. ಇದೇ ಕಾರಣಕ್ಕೆ ‘ನಾರ್ಮಲ್’ ಎಂದು ಬರೆದು ಫೈಲ್ ಮುಚ್ಚುವುದನ್ನು ನಾನು ಇಷ್ಟು ವಿರೋಧಿಸುತ್ತಿರುವುದು: ನಂಬದ ಮಗುವನ್ನು ಯಾರೂ ಮತ್ತೆ ಕರೆದು ನೋಡುವುದಿಲ್ಲ.

ಶಿಕ್ಷಣ ಇಲಾಖೆಗೆ ನೇರವಾಗಿ ಹೇಳಬೇಕಾದ ಮಾತು ಈಗ ಬಂತು. ಈ ತೊಂದರೆ ಹೆಚ್ಚು ಕಾಣುವ ವಯಸ್ಸಿನಲ್ಲಿ ನಾವು ಮಕ್ಕಳ ಮೇಲೆ ಏನನ್ನು ಹೊರಿಸುತ್ತಿದ್ದೇವೆ? ಉತ್ತರ ಕರ್ನಾಟಕದ ಊರುಗಳಲ್ಲಿ ಐದನೆಯ ತರಗತಿಯ ಮಗು ಎಂದರೆ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ವಿಜಯಪುರ ಅಥವಾ ಕೊಡಗಿನ ಸೈನಿಕ ಶಾಲೆ, ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆ ಇವುಗಳ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿರುವ ಮಗು ಎಂದೇ ಅರ್ಥವಾಗತೊಡಗಿದೆ. ಹತ್ತು ವರ್ಷ ತುಂಬದ ಮಕ್ಕಳನ್ನು ಮನೆಯಿಂದ ಬಿಡಿಸಿ, ವಸತಿ ಸಹಿತ ಕೋಚಿಂಗ್ ಕೇಂದ್ರಗಳಲ್ಲಿ ಇರಿಸಿ, ನಸುಕಿನಿಂದ ರಾತ್ರಿಯವರೆಗೆ ಬಹುಆಯ್ಕೆಯ ಪ್ರಶ್ನೆಗಳನ್ನು ಬಿಡಿಸುವ ಅಭ್ಯಾಸ ಮಾಡಿಸಲಾಗುತ್ತಿದೆ. ಹೊಲ ಅಡವಿಟ್ಟು, ಕೈಗಡ ತಂದು ಫೀ ಕಟ್ಟಿದ ತಂದೆತಾಯಿಯರು ಭಾನುವಾರ ಬುತ್ತಿ ಕಟ್ಟಿಕೊಂಡು ಬಂದು ‘ಈ ಸಲ ಸೀಟು ಆಗಲೇಬೇಕು ನೋಡು’ ಎಂದು ಹೇಳಿ ಹೋಗುತ್ತಾರೆ. ಅವರ ಆಸೆ ತಪ್ಪಲ್ಲ. ಒಳ್ಳೆಯ ಸರ್ಕಾರಿ ಶಾಲೆಗಳು ಇಷ್ಟು ಕಡಿಮೆ ಇರುವಾಗ ಅವರು ಬೇರೇನು ಮಾಡಿಯಾರು? ಆದರೆ ಆ ಮಾತಿನ ಭಾರ ಬೀಳುವುದು ಹತ್ತು ವರ್ಷದ ಮಗುವಿನ ಮೇಲೆ. ಆ ವಯಸ್ಸಿಗೆ ‘ನನಗೆ ಇದು ಆಗುವುದಿಲ್ಲ’ ಎಂದು ಹೇಳುವ ಧೈರ್ಯವಿರುವುದಿಲ್ಲ, ಹೇಳಿದರೆ ಕೇಳುವವರೂ ಇರುವುದಿಲ್ಲ. ಅಕ್ಷರ ಕಾಣಿಸುತ್ತಿಲ್ಲ ಎಂಬುದು ಆಗ ಅದರ ಪಾಲಿಗೆ ಉಳಿದಿರುವ ಒಂದೇ ಮಾತಾಗಿರಬಹುದು.

ಪರೀಕ್ಷೆಗಳ ಬಗ್ಗೆ ಸರ್ಕಾರ ತೀರ್ಮಾನ ಬದಲಿಸುತ್ತಾ ಹೋಗುವುದೂ ಮಕ್ಕಳಿಗೆ ತಟ್ಟುತ್ತದೆ. 2024ರ ಮಾರ್ಚ್‌ನಲ್ಲಿ ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳ ಬೋರ್ಡ್ ಮಾದರಿಯ ಪರೀಕ್ಷೆಗಳು ನ್ಯಾಯಾಲಯದ ಆದೇಶಗಳ ನಡುವೆ ಅರ್ಧಕ್ಕೆ ನಿಂತು, ಮತ್ತೆ ನಡೆದು, ಏಪ್ರಿಲ್‌ನಲ್ಲಿ ಫಲಿತಾಂಶ ತಡೆಹಿಡಿಯಲ್ಪಟ್ಟದ್ದನ್ನು ತಾವು ಮರೆತಿರಲಾರಿರಿ. ಅದರ ಕಾನೂನಿನ ಸರಿತಪ್ಪು ನನ್ನ ವಿಷಯವಲ್ಲ. ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂಬುದು ಶಿಕ್ಷಕರಿಗೇ ಗೊತ್ತಿಲ್ಲದ ಸ್ಥಿತಿಯಲ್ಲಿ ಹತ್ತು ವರ್ಷದ ಮಗು ಏನನ್ನು ಅನುಭವಿಸುತ್ತದೆ ಎಂಬುದನ್ನು ಆ ಕಡತಗಳಲ್ಲಿ ಯಾರೂ ಬರೆದಂತೆ ಕಾಣುವುದಿಲ್ಲ.

ಹಾಗೆಂದು ಎಲ್ಲಕ್ಕೂ ಪರೀಕ್ಷೆಯೇ ಕಾರಣವೆಂದು ಹೇಳುವುದು ಅಪ್ರಾಮಾಣಿಕವಾದೀತು. ಮನೆಯಲ್ಲಿ ಕುಡಿತ ಮತ್ತು ಹೊಡೆತ, ತಂದೆತಾಯಿ ಬೇರೆಯಾಗುವುದು, ಅಜ್ಜಿಯ ಸಾವು, ಶಾಲೆ ಬದಲಾಗುವುದು, ಕನ್ನಡ ಮಾಧ್ಯಮದಿಂದ ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಬಂದು ಒಂದು ವಾಕ್ಯವೂ ತಲೆಗೆ ಹತ್ತದಿರುವುದು, ಬಣ್ಣದ ಬಗ್ಗೆ ಜಾತಿಯ ಬಗ್ಗೆ ಸಹಪಾಠಿಗಳ ಚುಚ್ಚುಮಾತು, ಯಾರೂ ಗುರುತಿಸದ ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ, ಇವೆಲ್ಲ ಹಿನ್ನೆಲೆಯಲ್ಲಿರುತ್ತವೆ. ಕೆಲವೊಮ್ಮೆ ಹುಡುಕಿದರೂ ಕಾರಣ ಸಿಗುವುದಿಲ್ಲ, ಮಗು ತಾನಾಗಿಯೇ ಸುಧಾರಿಸುತ್ತದೆ. ಆದರೆ ಕೆಲವೊಮ್ಮೆ ಸಿಗುವ ಕಾರಣ ಲೈಂಗಿಕ ದೌರ್ಜನ್ಯವಾಗಿರುತ್ತದೆ. ಮಗುವನ್ನು ಒಂಟಿಯಾಗಿ, ಪ್ರೀತಿಯಿಂದ, ಆತುರವಿಲ್ಲದೆ ಮಾತನಾಡಿಸುವ ಒಬ್ಬರು ಇದ್ದಿದ್ದರೆ ಹೊರಬರುತ್ತಿದ್ದ ಸತ್ಯ, ‘ನಾಟಕ’ ಎಂದು ಗದರಿಸಿದ ಕ್ಷಣದಲ್ಲಿ ಮತ್ತೆ ಒಳಗೆ ಸೇರಿಕೊಳ್ಳುತ್ತದೆ. 2012ರ ಪೋಕ್ಸೊ ಕಾಯ್ದೆ ಇಂಥ ಅನುಮಾನ ಬಂದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕೆಂದು ಹೇಳುತ್ತದೆ. ಆದರೆ ಅನುಮಾನ ಬರುವುದಕ್ಕೂ ಒಬ್ಬರು ಕೇಳಿಸಿಕೊಳ್ಳಬೇಕಲ್ಲವೇ?

ಕೇಳಿಸಿಕೊಳ್ಳುವವರಿಲ್ಲದಾಗ ಏನಾಗುತ್ತದೆ ಎಂಬುದು ನೇತ್ರ ವಿಭಾಗದಲ್ಲಿ ಕೂತವರಿಗೆಲ್ಲ ಗೊತ್ತು. ಮೊದಲು ಮನೆಯಲ್ಲಿ ದೃಷ್ಟಿ ತೆಗೆಯುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಅದರಿಂದ ಮಗುವಿಗೆ ಹಾನಿಯೇನಿಲ್ಲ, ತನಗಾಗಿ ಯಾರೋ ಕಾಳಜಿ ಮಾಡುತ್ತಿದ್ದಾರೆ ಎಂಬ ಸಮಾಧಾನವೂ ಸಿಗಬಹುದು. ಆಮೇಲೆ ಒಂದು ಅಂಗಡಿಯಲ್ಲಿ ಕನ್ನಡಕ, ಅದರಿಂದ ಗುಣವಾಗದಿದ್ದಾಗ ಇನ್ನೊಂದು ಊರಲ್ಲಿ ಮತ್ತೊಂದು ಕನ್ನಡಕ, ಅಲ್ಲಿಂದ ಜಿಲ್ಲಾ ಕೇಂದ್ರದಲ್ಲಿ ಸಾವಿರಾರು ರೂಪಾಯಿಯ ಎಂಆರ್‌ಐ, ಕೊನೆಗೆ ಬೆಂಗಳೂರು. 1896ರಿಂದ ಈ ನಾಡಿನ ಕಣ್ಣು ನೋಡುತ್ತಾ ಬಂದಿರುವ ಮಿಂಟೋ ಆಸ್ಪತ್ರೆಯ ಮುಂದೆ ರಾತ್ರಿಯ ಬಸ್ಸಿಳಿದು ಬಂದು ಕೂತ ಕುಟುಂಬಗಳಲ್ಲಿ ಇಂಥವರೂ ಇರುತ್ತಾರೆ. ಅಷ್ಟರಲ್ಲಿ ಮಗು ತಿಂಗಳುಗಟ್ಟಲೆ ಶಾಲೆ ಬಿಟ್ಟಿರುತ್ತದೆ. ಪ್ರತಿ ಹೊಸ ಪರೀಕ್ಷೆಯೂ ತನ್ನೊಳಗೆ ಏನೋ ಭಯಂಕರವಾದದ್ದು ಇದೆ ಎಂಬ ಅದರ ನಂಬಿಕೆಯನ್ನು ಗಟ್ಟಿಮಾಡುತ್ತದೆ. ತಾಲ್ಲೂಕು ಮಟ್ಟದಲ್ಲಿ ಒಂದು ಬೆಳಿಗ್ಗೆಯ ಸರಿಯಾದ ಪರೀಕ್ಷೆ, ಮಗುವಿನೊಂದಿಗೆ ಅರ್ಧ ಗಂಟೆಯ ಮಾತು, ತಿಂಗಳ ನಂತರ ಮತ್ತೊಂದು ಭೇಟಿ ಇದ್ದಿದ್ದರೆ ಈ ಅಲೆದಾಟದ ಬಹುಪಾಲು ಬೇಕಿರಲಿಲ್ಲ.

ಆದ್ದರಿಂದ ನನ್ನ ಮೊದಲ ಬೇಡಿಕೆ ತಪಾಸಣೆಯ ನಮೂನೆಯ ಬಗ್ಗೆ. ‘ರಚನೆ ಸಹಜ, ದೃಷ್ಟಿ ಕಡಿಮೆ, ಮರುಪರೀಕ್ಷೆ ಬೇಕು’ ಎಂಬ ಒಂದು ಕಾಲಂ ಸೇರಿಸಿ. ಆ ಕಾಲಮ್ಮಿಗೆ ಬಂದ ಪ್ರತಿ ಮಗುವಿಗೂ ತಾಲ್ಲೂಕು ಆಸ್ಪತ್ರೆಯಲ್ಲಿ ಹನಿ ಹಾಕಿ ಪವರ್ ನೋಡುವುದು, ರೆಟಿನಾ ಪರೀಕ್ಷಿಸುವುದು ಕಡ್ಡಾಯವಾಗಲಿ; ಆರು ವಾರಗಳೊಳಗೆ ಮರುಭೇಟಿಯ ದಿನಾಂಕವನ್ನು ಚೀಟಿಯಲ್ಲೇ ಬರೆಯಲಿ; ಮಗು ಬಾರದಿದ್ದರೆ ಆಶಾ ಕಾರ್ಯಕರ್ತೆಗೆ ಮಾಹಿತಿ ಹೋಗಲಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಲ್ಲಿ ವೈದ್ಯರಿದ್ದಾರೆ, ಶುಶ್ರೂಷಕಿಯರಿದ್ದಾರೆ, ವಾಹನವಿದೆ; ಹೊಸ ಹುದ್ದೆ ಸೃಷ್ಟಿಸದೆಯೇ ಇದನ್ನು ಮಾಡಬಹುದು. ಮಕ್ಕಳಿಗೆ ಹನಿ ಹಾಕದೆ ಮೈನಸ್ ಕನ್ನಡಕ ಬರೆಯಕೂಡದೆಂಬ ಸೂಚನೆಯನ್ನು ಸರ್ಕಾರದ ಹಣದಲ್ಲಿ ನಡೆಯುವ ಎಲ್ಲ ಶಿಬಿರಗಳಿಗೆ ಕೊಡಿ. ಶಿಬಿರದಲ್ಲಿ ಒಂದು ದಿನಕ್ಕೆ ನೋಡುವ ಮಕ್ಕಳ ಸಂಖ್ಯೆ ಇದರಿಂದ ಕಡಿಮೆಯಾಗುತ್ತದೆ ಎಂಬುದು ನನಗೆ ಗೊತ್ತು. ಆಗಲಿ. ಹಂಚಿದ ಕನ್ನಡಕಗಳ ಲೆಕ್ಕವನ್ನು ಸಾಧನೆಯೆಂದು ವರದಿಯಲ್ಲಿ ತೋರಿಸುವ ಪದ್ಧತಿಯೇ ಬೇಡದ ಕನ್ನಡಕಗಳಿಗೆ ಅರ್ಧ ಕಾರಣ.

ಎರಡನೆಯದು ಮನಸ್ಸಿನ ಆರೈಕೆಯ ದಾರಿ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗೆ ಒಯ್ದ ಪ್ರಯೋಗವೇ, 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂದು ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರಕಿಸುವ ಏರ್ಪಾಡಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಇಷ್ಟೆಲ್ಲ ಇದ್ದೂ ಅದೇ ತಾಲ್ಲೂಕು ಆಸ್ಪತ್ರೆಯ ನೇತ್ರ ಕೊಠಡಿಯಿಂದ ಮನೋವೈದ್ಯರ ಕೊಠಡಿಗೆ ಒಂದು ಚೀಟಿ ಹೋಗುವುದು ಅಪರೂಪ. ನೇತ್ರ ವಿಭಾಗದಲ್ಲಿ ಗುರುತಿಸಿದ ಮಗುವನ್ನು ಮಂಗಳವಾರದ ಕ್ಲಿನಿಕ್‌ಗೆ ಕಳುಹಿಸಲು ಒಂದು ಸರಳ ಲಿಖಿತ ಕ್ರಮವನ್ನು ಇಲಾಖೆ ರೂಪಿಸಬೇಕು. ‘ಹುಚ್ಚಿನ ಡಾಕ್ಟರ್ ಹತ್ತಿರ ಕಳಿಸಿದರು’ ಎಂದು ಊರಲ್ಲಿ ಮಾತಾಗುತ್ತದೆ ಎಂಬ ಹೆದರಿಕೆ, ಅದರಲ್ಲೂ ಹೆಣ್ಣುಮಗುವಿನ ವಿಷಯದಲ್ಲಿ, ಪಾಲಕರಿಗೆ ಬಲವಾಗಿರುತ್ತದೆ. ಆದ್ದರಿಂದ ಮಗುವನ್ನು ಸಾಧ್ಯವಾದಷ್ಟೂ ನೇತ್ರ ವಿಭಾಗದಲ್ಲಿಯೇ ನೋಡಿ, ಆಪ್ತಸಮಾಲೋಚಕರು ಅಲ್ಲಿಗೇ ಬಂದು ಮಾತನಾಡುವಂತಾದರೆ ಒಳ್ಳೆಯದು. ಎಲ್ಲ ಮಕ್ಕಳಿಗೂ ಮನೋವೈದ್ಯರ ಅಗತ್ಯ ಇರುವುದಿಲ್ಲ. ‘ನಿನ್ನ ಕಣ್ಣು ಗಟ್ಟಿಮುಟ್ಟಾಗಿದೆ, ಸುಸ್ತಾಗಿದೆ ಅಷ್ಟೆ, ದಿನದಿಂದ ದಿನಕ್ಕೆ ಸರಿಹೋಗುತ್ತದೆ, ಮುಂದಿನ ತಿಂಗಳು ನಾವಿಬ್ಬರೂ ಮತ್ತೆ ಓದಿ ನೋಡೋಣ’ ಎಂಬ ಭರವಸೆಯಿಂದಲೇ ಬಹಳ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಖಿನ್ನತೆ, ತೀವ್ರ ಆತಂಕ, ಶಾಲೆಗೆ ಹೋಗಲು ನಿರಾಕರಣೆ, ದೌರ್ಜನ್ಯದ ಸುಳಿವು ಇರುವ ಮಕ್ಕಳನ್ನು ಮಾತ್ರ ತಡಮಾಡದೆ ತಜ್ಞರಿಗೆ ತಲುಪಿಸಬೇಕು.

ಶಿಕ್ಷಕರಿಗೆ ಒಂದು ಪುಟದ ಸುತ್ತೋಲೆ ಸಾಕು, ಆದರೆ ಅದು ಪ್ರತಿ ಶಾಲೆಗೂ ತಲುಪಬೇಕು, ಖಾಸಗಿ ಶಾಲೆಗಳಿಗೂ. ಮಗು ಕಾಣಿಸುತ್ತಿಲ್ಲ ಎಂದಾಗ ಎಲ್ಲರ ಮುಂದೆ ‘ಇದು ಎಷ್ಟು ಬೆರಳು’ ಎಂದು ಪರೀಕ್ಷಿಸಬೇಡಿ. ಮುಂದಿನ ಬೆಂಚಿನಲ್ಲಿ ಕೂರಿಸಿ. ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳಲು ಬಿಡಿ. ಶಾಲೆ ಬಿಡಿಸಬೇಡಿ, ಏಕೆಂದರೆ ಶಾಲೆಯಿಂದ ದೂರವಾದಷ್ಟೂ ಮರಳುವುದು ಕಷ್ಟ. ಸುಧಾರಿಸಿದಾಗ ‘ಈಗ ಹೇಗೆ ಕಂಡಿತು’ ಎಂದು ಕೆಣಕಬೇಡಿ. ಬೋರ್ಡ್ ಕಾಣದ ಮಗು ಆಟದ ಮೈದಾನದಲ್ಲಿ ಚೆಂಡು ಹಿಡಿಯುವುದನ್ನು ಕಂಡರೆ ಅದನ್ನು ಸುಳ್ಳಿಗೆ ಸಾಕ್ಷಿಯೆಂದು ತಿಳಿಯಬೇಡಿ, ಈ ತೊಂದರೆಯ ಸ್ವರೂಪವೇ ಹಾಗೆ. ಇಷ್ಟನ್ನು ಸರಳ ಕನ್ನಡದಲ್ಲಿ ಬರೆದು ಕಳುಹಿಸಲು ಇಲಾಖೆಗೆ ಒಂದು ವಾರಕ್ಕಿಂತ ಹೆಚ್ಚು ಬೇಕಾಗದು. ನಮ್ಮ ಶಿಕ್ಷಕರು ಜನಗಣತಿಯಿಂದ ಚುನಾವಣೆಯವರೆಗೆ ಎಲ್ಲವನ್ನೂ ಹೊತ್ತಿದ್ದಾರೆ. ಅವರ ಮೇಲೆ ಹೊಸ ದಾಖಲೆಯ ಹೊರೆ ಹಾಕಬೇಡಿ, ತಿಳಿವಳಿಕೆಯನ್ನಷ್ಟೇ ಕೊಡಿ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು, ಆದರೂ ಕೇಳುತ್ತೇನೆ. ಐದನೆಯ ತರಗತಿಯ ಮಕ್ಕಳನ್ನು ವಸತಿಯಲ್ಲಿರಿಸಿ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ಕೇಂದ್ರಗಳ ಮೇಲೆ ಶಿಕ್ಷಣ ಇಲಾಖೆ ಕಣ್ಣಿಡಬೇಕು. ಎಷ್ಟು ಗಂಟೆ ಓದು, ಎಷ್ಟು ಗಂಟೆ ನಿದ್ರೆ, ದಿನಕ್ಕೆ ಎಷ್ಟು ಹೊತ್ತು ಬಯಲಿನ ಆಟ ಎಂಬುದಕ್ಕೆ ನಿಯಮ ಬೇಕು. ಬಯಲಿನ ಬೆಳಕಿನಲ್ಲಿ ಕಳೆಯುವ ಸಮಯ ನಿಜವಾದ ಸಮೀಪದೃಷ್ಟಿ ಆರಂಭವಾಗುವುದನ್ನೂ ತಡೆಯಲು ನೆರವಾಗುತ್ತದೆ ಎಂಬುದು ಈಗ ದೃಢಪಟ್ಟಿರುವುದರಿಂದ, ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ಎಲ್ಲ ಶಾಲೆಗಳಿಗೂ ಈ ಮಾತು ಸಲ್ಲುತ್ತದೆ. ಮಗು ಕಾಣಿಸುತ್ತಿಲ್ಲ ಎಂದ ದಿನವೇ ಪಾಲಕರಿಗೆ ತಿಳಿಸುವುದು ಇಂಥ ಕೇಂದ್ರಗಳಿಗೆ ಕಡ್ಡಾಯವಾಗಬೇಕು.

ಹೊಸ ಶೈಕ್ಷಣಿಕ ವರ್ಷದ ತಪಾಸಣೆ ಆರಂಭವಾಗುವುದರೊಳಗೆ ನಮೂನೆಯ ಬದಲಾವಣೆ ಮತ್ತು ಶಿಕ್ಷಕರ ಸುತ್ತೋಲೆ ಇವೆರಡಾದರೂ ಜಾರಿಗೆ ಬರಲಿ. ಇವಕ್ಕೆ ಬಜೆಟ್‌ನ ಮಂಜೂರಾತಿ ಬೇಕಿಲ್ಲ. ತರಬೇತಿಗೆ, ಸುತ್ತೋಲೆಯ ಕರಡಿಗೆ, ತಾಲ್ಲೂಕು ಮಟ್ಟದ ನೇತ್ರಾಧಿಕಾರಿಗಳಿಗೆ ಈ ಪರೀಕ್ಷೆಗಳನ್ನು ಕಲಿಸುವುದಕ್ಕೆ ನನ್ನಂಥ ಸರ್ಕಾರಿ ವೈದ್ಯರು ಸಿದ್ಧರಿದ್ದೇವೆ. ಎರಡೂ ಇಲಾಖೆಗಳ ಅಧಿಕಾರಿಗಳು ಒಂದೇ ಮೇಜಿನಲ್ಲಿ ಕೂರುವ ದಿನವನ್ನು ತಿಳಿಸಿ, ಬರುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಒಬ್ಬ ಸರ್ಕಾರಿ ನೇತ್ರವೈದ್ಯೆ